ಲೆಕ್ಸ್ ಲೂಥರನ ಉತ್ಥಾನ ಮತ್ತು ಪತನ

ಕಾವ್ಯನಾಟಕಗಳ ನಾಯಕನನ್ನು ಕುರಿತು ವಿಚಾರಮಾಡಿದ ಪಂಡಿತರು ಬಹುಮಂದಿ. ಪ್ರತಿನಾಯಕನನ್ನು ಕುರಿತು ವಿಚಾರಮಾಡಿದವರು ವಿರಳ. ಧನಂಜಯನು ದಶರೂಪಕದಲ್ಲಿ ನಾಯಕನ ಭೇದಗಳನ್ನೂ ಗುಣಗಳನ್ನೂ ವಿಸ್ತಾರವಾಗಿ ಹೇಳಿ, ಪ್ರತಿನಾಯಕನನ್ನು ಕೆಲವೇ ಮಾತುಗಳಲ್ಲಿ ಮುಗಿಸುವನು. ಆದರೆ ಆ ಕೆಲವು ಮಾತುಗಳಲ್ಲಿ ಅವನು ಮೊದಲು ಎಣಿಸಿದ ದೋಷವು ಲೋಭ. ಈ ಕ್ರಮವು ಅರ್ಥವಿಲ್ಲದ್ದಲ್ಲ. ಒಂದು ಜನಾಂಗವು ಯಾರನ್ನು ಪೂಜಿಸುವುದೆಂಬುದು ಅದರ ನಾಯಕರಿಂದ ತಿಳಿಯುವುದಾದರೆ, ಅದು ಯಾರಿಗೆ ಅಂಜುವುದೆಂಬುದು ಅದರ ಪ್ರತಿನಾಯಕರಿಂದ ತಿಳಿಯುವುದು.

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಚಿತ್ರಕಥೆಯ ಪುಸ್ತಕಗಳಲ್ಲಿ ಬಾಳಿಬಂದಿರುವ ಲೆಕ್ಸ್ ಲೂಥರನ ಚರಿತ್ರೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಅವನು ಸೂಪರ್‌ಮ್ಯಾನ್ ಎಂಬ ಅತಿಮಾನವನ ಶತ್ರು. 1940ನೆಯ ಇಸವಿಯಲ್ಲಿ ಉನ್ಮತ್ತ ವಿಜ್ಞಾನಿಯಾಗಿ ಹುಟ್ಟಿ, 1986ರಲ್ಲಿ ಕೋಟ್ಯಧೀಶನಾದ ವರ್ತಕನಾಗಿ ರೂಪಾಂತರ ಹೊಂದಿ, 2000ದಲ್ಲಿ ದೇಶದ ಅಧ್ಯಕ್ಷಪದವಿಗೆ ಚುನಾಯಿತನಾಗಿ, ಅಲ್ಲಿಂದ ಕೆಳಗೆ ಬಿದ್ದನು. ಇದು ಕಲ್ಪಿತ ಪುರುಷನ ಚರಿತ್ರೆಯೆಂಬುದು ನಿಜ. ಆದರೆ ಅವನ ವೇಷಗಳನ್ನು ಬದಲಾಯಿಸಿದ ಭಯಗಳು ಕಲ್ಪಿತವಾದವುಗಳಲ್ಲ. ಅವನನ್ನು ಸೃಷ್ಟಿಸಿದ ಇಬ್ಬರು ಯುವಕರಿಗೆ ವ್ಯಾಪಾರಲೋಕವು ಕೊಟ್ಟ ಪ್ರತಿಫಲವಂತೂ ಕಲ್ಪಿತವೇ ಅಲ್ಲ.

ಚಿತ್ರಕಥೆಯ ಸ್ವರೂಪ

ಚಿತ್ರಕಥೆಯ ಪುಸ್ತಕವೆಂದರೆ, ಅಗ್ಗದ ಕಾಗದದ ಮೇಲೆ ಬಣ್ಣಗಳಲ್ಲಿ ಅಚ್ಚಾಗಿ ತಿಂಗಳು ತಿಂಗಳೂ ಹೊರಬೀಳುವ ಕಿರುಹೊತ್ತಗೆ. ಪುಟವನ್ನು ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕದಲ್ಲಿಯೂ ಕಥೆಯ ಒಂದೊಂದು ಘಟ್ಟವನ್ನು ಚಿತ್ರಿಸಿ, ಪಾತ್ರಗಳ ಸಂಭಾಷಣೆಯನ್ನು ಚಿತ್ರದೊಳಗೇ ಸೇರಿಸಿರುವರು. 1938ರಲ್ಲಿ ಇದರ ಬೆಲೆ 10 ಸೆಂಟುಗಳು. ಓದುವವರು ಬಹುಮಟ್ಟಿಗೆ ಬಾಲಕರು. ಒಂದೇ ಪಾತ್ರವನ್ನು ಹತ್ತಾರು ಲೇಖಕರೂ ಚಿತ್ರಕಾರರೂ ಒಬ್ಬರಾದ ಮೇಲೊಬ್ಬರು ಬೆಳಸಿಕೊಂಡು ಹೋಗುವುದು ಇಲ್ಲಿಯ ಪದ್ಧತಿ. ಪಂಪನ ದುರ್ಯೋಧನನೂ ರನ್ನನ ದುರ್ಯೋಧನನೂ ಕುಮಾರವ್ಯಾಸನ ದುರ್ಯೋಧನನೂ ಒಬ್ಬನೇ ಆಗಿದ್ದು ಬೇರೆಬೇರೆಯಾಗಿ ತೋರುವಂತೆ, ಈ ಲೂಥರನೂ ಕಾಲಕಾಲಕ್ಕೆ ಬೇರೆಯಾಗಿ ತೋರುವನು. ಆದರೆ ಒಂದು ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ದುರ್ಯೋಧನನು ಯಾರ ಸೊತ್ತೂ ಅಲ್ಲ. ಯಾವ ಕವಿ ಬೇಕಾದರೂ ಅವನನ್ನು ಕರೆದು ಹಾಡಬಹುದು. ಲೂಥರನಾದರೋ ಒಂದು ಪ್ರಕಾಶನ ಸಂಸ್ಥೆಯ ಆಸ್ತಿ.

ಅವನ ವೈರಿಯ ಪರಿಚಯವನ್ನೂ ಇಲ್ಲಿಯೇ ಹೇಳಿಬಿಡುವುದು ಯುಕ್ತ. ಕ್ರಿಪ್ಟಾನ್ ಎಂಬ ಗ್ರಹವು ಒಡೆದು ನಾಶವಾಗುವ ಕಾಲದಲ್ಲಿ, ಅಲ್ಲಿಯ ತಂದೆತಾಯಿಗಳು ತಮ್ಮ ಶಿಶುವನ್ನು ಆಕಾಶನೌಕೆಯಲ್ಲಿಟ್ಟು ಭೂಮಿಗೆ ಕಳುಹಿಸಿದರು. ಒಕ್ಕಲು ದಂಪತಿಗಳು ಅವನನ್ನು ಸಾಕಿ, ಕ್ಲಾರ್ಕ್ ಕೆಂಟ್ ಎಂದು ಹೆಸರಿಟ್ಟರು. ದೊಡ್ಡವನಾದ ಮೇಲೆ ಅವನು ಮೆಟ್ರೊಪೊಲಿಸ್ ಎಂಬ ನಗರದಲ್ಲಿ ಪತ್ರಿಕಾ ವರದಿಗಾರನಾಗಿ ಸಾಧಾರಣ ಮನುಷ್ಯನಂತೆ ಇದ್ದುಕೊಂಡು, ಆಪತ್ತು ಬಂದಾಗ ಮಾತ್ರ ಅತಿಮಾನವನಾಗಿ ಪ್ರಕಟವಾಗುವನು. ಅವನಿಗೆ ಗುಂಡು ತಾಗದು, ಗೋಡೆ ತಡೆಯದು. ತನ್ನ ಜನ್ಮಗ್ರಹದ ಚೂರಾದ ಕ್ರಿಪ್ಟೊನೈಟ್ ಎಂಬ ಹಸಿರು ಶಿಲೆಯೊಂದೇ ಅವನಿಗೆ ಮೃತ್ಯುಪ್ರಾಯ.

ಇಬ್ಬರು ಸೃಷ್ಟಿಕರ್ತರು

ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ 1914ರಲ್ಲಿ ಹುಟ್ಟಿದವರು. ಯೂರೋಪಿನಿಂದ ವಲಸೆಬಂದ ಯೆಹೂದಿ ಕುಟುಂಬಗಳ ಮಕ್ಕಳು. ಒಹಾಯೊ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದ ಪ್ರೌಢಶಾಲೆಯಲ್ಲಿ ಅವರ ಸ್ನೇಹವು ಬೆಳೆಯಿತು. ಸೀಗಲನು ಕಥೆ ಬರೆಯುವನು, ಶುಸ್ಟರನು ಚಿತ್ರ ಬರೆಯುವನು. ಸೀಗಲನ ತಂದೆ ಬಟ್ಟೆಯಂಗಡಿಯನ್ನಿಟ್ಟುಕೊಂಡಿದ್ದವನು. 1932ರಲ್ಲಿ ಆ ಅಂಗಡಿಗೆ ಕಳ್ಳರು ನುಗ್ಗಿದಾಗ ಹೃದಯಸ್ತಂಭನವಾಗಿ ಅಲ್ಲಿಯೇ ತೀರಿಕೊಂಡನು. ಅದು ದೇಶಕ್ಕೆ ದೇಶವೇ ದಾರಿದ್ರ್ಯದಲ್ಲಿ ಬಿದ್ದಿದ್ದ ಕಾಲ. ಮರುವರ್ಷ ಈ ಇಬ್ಬರು ತಾವೇ ಹೊರಡಿಸಿದ ಒಂದು ಕೈಯಚ್ಚಿನ ಪತ್ರಿಕೆಯಲ್ಲಿ, ಧರ್ಮಾರ್ಥವಾಗಿ ರೊಟ್ಟಿ ಹಂಚುವೆಡೆಯಲ್ಲಿ ಸಾಲುನಿಂತ ನಿರ್ಗತಿಕನೊಬ್ಬನ ಕಥೆಯನ್ನು ಪ್ರಕಟಿಸಿದರು. ಒಬ್ಬ ವಿಜ್ಞಾನಿಯು ಅವನಿಗೆ ಔಷಧ ಕುಡಿಸಿ ಪ್ರಯೋಗ ನಡಸುವನು. ನಿರ್ಗತಿಕನಿಗೆ ಪರರ ಮನಸ್ಸನ್ನು ಓದುವ ಶಕ್ತಿ ಬರುವುದು. ಅವನು ಲೋಕವನ್ನೇ ಆಳಬೇಕೆಂದು ಹೊರಡುವನು. ಕೊನೆಗೆ ಶಕ್ತಿಯು ಇಳಿದುಹೋಗಿ ಮತ್ತೆ ರೊಟ್ಟಿಯ ಸಾಲಿಗೇ ಹಿಂದಿರುಗುವನು. ಆ ಕಥೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರು ಈ ದುಷ್ಟನದೇ ಆಗಿತ್ತು. ಚಿತ್ರದಲ್ಲಿ ಅವನ ತಲೆ ಬೋಳು. ನಾಯಕನೂ ಪ್ರತಿನಾಯಕನೂ ಒಂದೇ ಬೀಜದಿಂದ ಮೊಳೆತವರೆಂಬುದಕ್ಕೆ ಇದು ಸಾಕ್ಷಿ.

ತರುವಾಯ ಅವರು ಆ ಹೆಸರನ್ನು ಶಿಷ್ಟನಿಗೆ ಕೊಟ್ಟು, ಕಥೆಯನ್ನು ಹಿಡಿದುಕೊಂಡು ಹಲವು ವರ್ಷ ಪ್ರಕಾಶಕರ ಬಾಗಿಲುಗಳಿಗೆ ಅಲೆದರು. 1938ರ ಮಾರ್ಚಿ ತಿಂಗಳಲ್ಲಿ ನ್ಯೂಯಾರ್ಕಿನ ಡಿಟೆಕ್ಟಿವ್ ಕಾಮಿಕ್ಸ್ ಎಂಬ ಸಂಸ್ಥೆಯು 13 ಪುಟಗಳ ಮೊದಲ ಕಥೆಗೆ ಪುಟಕ್ಕೆ 10 ಡಾಲರಿನಂತೆ 130 ಡಾಲರುಗಳನ್ನು ಕೊಟ್ಟು, ಪಾತ್ರದ ಸಮಸ್ತ ಹಕ್ಕುಗಳನ್ನೂ ಶಾಶ್ವತವಾಗಿ ಬರೆಸಿಕೊಂಡಿತು. ಬೇರೆ ಕೆಲಸದ ಬಾಬ್ತನ್ನೂ ಸೇರಿಸಿ 412 ಡಾಲರಿಗೆ ಒಂದು ಚೆಕ್ಕು ಬಂದಿತು. ಅದರಲ್ಲಿ ಅವರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ಅವರಿಗೆ ಆಗ 23 ವರ್ಷ.

ಮೊದಲ ಶತ್ರುಗಳು

1938ರ ಜೂನ್ ತಿಂಗಳ ತಾರೀಖನ್ನು ಹೊತ್ತು ಹೊರಬಂದ ಆ್ಯಕ್ಷನ್ ಕಾಮಿಕ್ಸ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಈ ಅತಿಮಾನವನು ಕಾಣಿಸಿಕೊಂಡನು. ಆ ಕಾಲದ ಅವನ ಶತ್ರುಗಳು ಯಾರೆಂಬುದು ಗಮನಾರ್ಹ. ಯುದ್ಧದಿಂದ ಲಾಭಪಡೆಯಲು ಶಾಸನಸಭೆಯ ಸದಸ್ಯನನ್ನು ಲಂಚದಿಂದ ವಶಮಾಡಿಕೊಳ್ಳುವ ಒಬ್ಬ ಶಸ್ತ್ರವ್ಯಾಪಾರಿ. ಸೂಪರ್‌ಮ್ಯಾನನು ಅವನನ್ನು ಅವನೇ ಹೊತ್ತಿಸಿದ ಯುದ್ಧದಲ್ಲಿ ಸಿಪಾಯಿಯಾಗಿ ನಿಲ್ಲುವಂತೆ ಮಾಡಿ, ಸಿಡಿಗುಂಡುಗಳ ರುಚಿಯನ್ನು ತೋರಿಸುವನು. ಆಗಸ್ಟ್ ಸಂಚಿಕೆಯಲ್ಲಿ ಒಬ್ಬ ಗಣಿಯೊಡೆಯ. ಕೂಲಿಗಳ ಪ್ರಾಣರಕ್ಷಣೆಗೆ ಕಾಸು ಖರ್ಚುಮಾಡದ ಅವನನ್ನೂ ಅವನ ಔತಣಕ್ಕೆ ಬಂದ ಧನಿಕ ಅತಿಥಿಗಳನ್ನೂ ಸೂಪರ್‌ಮ್ಯಾನನು ಅದೇ ಗಣಿಯೊಳಗೆ ಸಿಕ್ಕಿಹಾಕಿಸುವನು. 1939ರ ಜನವರಿಯಲ್ಲಿ ಅವನು ಬಡವರ ಹಾಳು ಕೇರಿಯೊಂದನ್ನು ತಾನೇ ಕೆಡವಿ, ಸರಕಾರವು ಅಲ್ಲಿ ಒಳ್ಳೆಯ ಮನೆಗಳನ್ನು ಕಟ್ಟಿಸಲೇಬೇಕಾಗುವಂತೆ ಮಾಡಿದನು.

ಕೌಟಿಲ್ಯನು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರಿಟ್ಟು, ಜನರನ್ನು ಹಿಂಡುವ ವರ್ತಕರನ್ನೂ ರಾಜ್ಯದ ಮುಳ್ಳುಗಳೊಂದಿಗೆ ಎಣಿಸಿರುವನು. ಸೀಗಲ್ ಮತ್ತು ಶುಸ್ಟರರು ಅರ್ಥಶಾಸ್ತ್ರವನ್ನು ಓದಿದವರಲ್ಲ; ಆದರೆ ರೊಟ್ಟಿಯ ಸಾಲನ್ನು ಕಣ್ಣಾರೆ ಕಂಡವರು. ಅವರ ಮೊದಲ ನಾಯಕನು ಕಂಟಕಶೋಧಕನೇ ಆಗಿದ್ದನು. ಪುಸ್ತಕವು ಲಕ್ಷಗಟ್ಟಲೆ ಮಾರಾಟವಾಗುತ್ತ ಬಂದಂತೆ, ನಾಯಕನು ಕ್ರಮೇಣ ಸಭ್ಯನಾಗಿ, ಕಾನೂನಿನ ಕಾವಲುಗಾರನಾಗಿ ಮಾರ್ಪಟ್ಟನು. ಗಣಿಯೊಡೆಯರು ಕಥೆಯಿಂದ ಮರೆಯಾದರು. ಅವರ ಸ್ಥಾನಕ್ಕೆ ಅದ್ಭುತ ಯಂತ್ರಗಳ ವೈರಿಗಳು ಬಂದರು.

ವಿಜ್ಞಾನಿಯಾದ ಲೂಥರ್

1940ರ ಏಪ್ರಿಲ್ ಸಂಚಿಕೆಯಲ್ಲಿ ಲೂಥರನು ಮೊದಲ ಸಲ ಕಾಣಿಸಿಕೊಂಡನು. ಯೂರೋಪಿನಲ್ಲಿ ಮಹಾಯುದ್ಧವು ಪ್ರಾರಂಭವಾಗಿ ಏಳು ತಿಂಗಳಾಗಿದ್ದವು. ಕಥೆಯಲ್ಲಿಯೂ ಲೂಥರನು ಎರಡು ಕಲ್ಪಿತ ಯೂರೋಪ್ ರಾಜ್ಯಗಳನ್ನು ಒಂದರ ಮೇಲೊಂದನ್ನು ಎತ್ತಿಕಟ್ಟಿ, ಇಬ್ಬರೂ ಬಳಲಿದ ಮೇಲೆ ತಾನು ಲೋಕವನ್ನಾಳಬೇಕೆಂದು ಆಕಾಶದಲ್ಲಿ ತೇಲುವ ನಗರದಲ್ಲಿ ಕುಳಿತು ಸಂಚುಮಾಡುವನು. ಆಗ ಅವನಿಗೆ ಲೂಥರ್ ಎಂಬ ಒಂದೇ ಹೆಸರು. ತಲೆಯ ತುಂಬ ಕೆಂಪು ಕೂದಲು. 1941ರಲ್ಲಿ ದಿನಪತ್ರಿಕೆಗಳ ಚಿತ್ರಪಂಕ್ತಿಯಲ್ಲಿ ಅವನು ಬೋಳುತಲೆಯವನಾಗಿ ಕಾಣಿಸಿಕೊಂಡನು; ಇದು ಚಿತ್ರಕಾರನೊಬ್ಬನ ಕೈತಪ್ಪೆಂದು ಸಾಮಾನ್ಯವಾಗಿ ಹೇಳುವರು. ಆ ಬೋಳುತಲೆಯೇ ಅವನ ಗುರುತಾಗಿ ನಿಂತಿತು.

ಈ ವಿಜ್ಞಾನಿಯು ಒಮ್ಮೆ ಸರಕಾರವನ್ನೇ ಬೆಚ್ಚಿಸಿದನು. ಲೂಥರನು ಅಣುಬಾಂಬಿನಿಂದ ಸೂಪರ್‌ಮ್ಯಾನನ ಮೇಲೆ ಬೀಳುವ ಕಥೆಯೊಂದು ಸಿದ್ಧವಾಗಿದ್ದಾಗ, ನಿಜವಾದ ಅಣುಬಾಂಬು ಪರಮ ಗೋಪ್ಯವಾಗಿ ತಯಾರಾಗುತ್ತಿತ್ತು. ಯುದ್ಧ ಇಲಾಖೆಯವರ ಕೋರಿಕೆಯ ಮೇರೆಗೆ ಕಥೆಯನ್ನು ತಡೆಹಿಡಿಯಲಾಯಿತು. 1945ರ ಆಗಸ್ಟ್ 6ರಂದು ಹಿರೋಷಿಮಾ ನಗರವು ಬೂದಿಯಾದ ಮೇಲೆ, 1946ರ ಮೊದಲ ಸಂಚಿಕೆಯಲ್ಲಿ ಅದು ಬೆಳಕು ಕಂಡಿತು. ಹುಡುಗರ ಪುಸ್ತಕದ ಖಳನು ಮಾಡುವ ಕಾರ್ಯವನ್ನು ರಾಜ್ಯಗಳೇ ಮಾಡಿ ಮುಗಿಸಿದ್ದವು.

1960ರ ಏಪ್ರಿಲ್‌ನಲ್ಲಿ ಲೂಥರನಿಗೆ ಲೆಕ್ಸ್ ಎಂಬ ಮೊದಲ ಹೆಸರೂ ಒಂದು ಬಾಲ್ಯಚರಿತ್ರೆಯೂ ದೊರೆತವು. ಅದರಂತೆ ಅವನೂ ಬಾಲಕ ಸೂಪರ್‌ಮ್ಯಾನನೂ ಒಂದೇ ಊರಿನವರು, ಗೆಳೆಯರು. ಲೂಥರನು ಗೆಳೆಯನ ಪ್ರಾಣವನ್ನು ಒಮ್ಮೆ ಉಳಿಸಿದನು. ಗೆಳೆಯನು ಕೃತಜ್ಞತೆಯಿಂದ ಅವನಿಗೆ ಪ್ರಯೋಗಶಾಲೆ ಕಟ್ಟಿಕೊಟ್ಟನು. ಅಲ್ಲಿ ಲೂಥರನು ಒಂದು ಜೀವವನ್ನೇ ನಿರ್ಮಿಸಿದನು. ಆಗ ಬೆಂಕಿ ಬಿದ್ದಿತು. ಸೂಪರ್‌ಮ್ಯಾನನು ತನ್ನ ಉಸಿರಿನಿಂದ ಬೆಂಕಿಯನ್ನು ಆರಿಸುವ ಭರದಲ್ಲಿ ರಾಸಾಯನಿಕಗಳು ಚೆಲ್ಲಿ, ಆ ಜೀವವು ನಾಶವಾಯಿತು. ಲೂಥರನ ಕೂದಲೂ ಉದುರಿಹೋಯಿತು. ತನ್ನ ಕೀರ್ತಿಯನ್ನು ಸಹಿಸದೆ ಗೆಳೆಯನು ಬೇಕೆಂದೇ ಹೀಗೆ ಮಾಡಿದನೆಂದು ಅವನು ನಂಬಿದನು. ಅಸೂಯೆಯು ತನ್ನೊಳಗಿದ್ದುದರಿಂದ ಎದುರಿನವನಲ್ಲಿಯೂ ಅದನ್ನೇ ಕಂಡನು.

ಈ ಕಥೆಯನ್ನು ಬರೆದವನು ಜೆರಿ ಸೀಗಲನೇ. ಆದರೆ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಆ ಪಾತ್ರಗಳ ಮೇಲೆ ಹಕ್ಕನ್ನೆಲ್ಲ ಕಳೆದುಕೊಂಡು, ಅದೇ ಸಂಸ್ಥೆಯಲ್ಲಿ ಪುಟದ ಲೆಕ್ಕದಲ್ಲಿ ದುಡಿಯುತ್ತಿದ್ದನು. ತನ್ನ ಸೃಷ್ಟಿಯು ಕೈತಪ್ಪಿಹೋದುದಕ್ಕಾಗಿ ಜೀವಮಾನವೆಲ್ಲ ಉರಿಯುವ ಒಬ್ಬನ ಕಥೆಯು ಅಂತಹವನ ಲೇಖನಿಯಿಂದ ಬಂದಿತೆಂಬುದನ್ನು ವಾಚಕರು ಗಮನಿಸಬೇಕು.

ವರ್ತಕನಾದ ಲೂಥರ್

1978ರ ಚಲನಚಿತ್ರದಲ್ಲಿ ಜೀನ್ ಹ್ಯಾಕ್‌ಮನ್ ಎಂಬ ನಟನು ಲೂಥರನ ಪಾತ್ರ ವಹಿಸಿದನು. ಅಲ್ಲಿ ಲೂಥರನು ಕ್ಯಾಲಿಫೋರ್ನಿಯಾದ ಬೆಲೆಯಿಲ್ಲದ ಮರುಭೂಮಿಯನ್ನು ಕೊಂಡು, ಕ್ಷಿಪಣಿಯಿಂದ ಭೂಕಂಪವನ್ನೆಬ್ಬಿಸಿ ಕರಾವಳಿಯನ್ನು ಮುಳುಗಿಸಿದರೆ ತನ್ನ ಮರುಭೂಮಿಯೇ ಹೊಸ ಕರಾವಳಿಯಾಗಿ ಬೆಲೆಯೇರುವುದೆಂದು ಲೆಕ್ಕಹಾಕುವನು. ಲಕ್ಷಾಂತರ ಜನರ ಮರಣವು ಅವನಿಗೆ ಜಮೀನಿನ ವ್ಯಾಪಾರದ ಒಂದು ಖರ್ಚು. ಖಳನು ಪ್ರಯೋಗಶಾಲೆಯಿಂದ ಪೇಟೆಯ ಕಡೆಗೆ ಹೆಜ್ಜೆಯಿಟ್ಟ ಲಕ್ಷಣವಿದು.

1986ರಲ್ಲಿ ಆ ಪ್ರಯಾಣವು ಪೂರ್ಣವಾಯಿತು. ಆ ವರ್ಷ ಸೂಪರ್‌ಮ್ಯಾನನ ಕಥೆಯನ್ನು ಮೊದಲಿನಿಂದ ಹೊಸದಾಗಿ ಹೇಳುವ ಭಾರವು ಜಾನ್ ಬರ್ನ್ ಎಂಬ ಲೇಖಕ-ಚಿತ್ರಕಾರನ ಮೇಲೆ ಬಿದ್ದಿತು. ಲೂಥರನನ್ನು ವರ್ತಕನನ್ನಾಗಿ ಮಾಡುವ ಸಲಹೆಯು ಮಾರ್ವ್ ವುಲ್ಫ್‌ಮನ್ ಎಂಬ ಇನ್ನೊಬ್ಬ ಲೇಖಕನದು. ಅಷ್ಟು ದುಬಾರಿಯಾದ ಯಂತ್ರಗಳನ್ನು ಕಟ್ಟಬಲ್ಲವನಿಗೆ ಬ್ಯಾಂಕಿನ ಗೋಡೆಯನ್ನೊಡೆಯುವ ಅಗತ್ಯವೇನು? ಅವನು ಬ್ಯಾಂಕನ್ನೇ ಕೊಳ್ಳಬಹುದಲ್ಲವೆ? ಹೀಗೆ ಹೊಸ ಲೂಥರನು ಲೆಕ್ಸ್‌ಕಾರ್ಪ್ ಎಂಬ ಮಹಾಸಂಸ್ಥೆಯ ಒಡೆಯನಾದನು. ನಗರದಲ್ಲಿ ಬಹುಮಂದಿ ಅವನ ಸಂಬಳದಿಂದಲೇ ಜೀವಿಸುವರು. ಅವನು ದಾನಿಯೆಂದು ಹೆಸರು ಪಡೆದವನು. ಅವನ ಅಪರಾಧಗಳಿಗೂ ಅವನಿಗೂ ನಡುವೆ ಕಾಗದಪತ್ರಗಳ ಏಳು ಸುತ್ತಿನ ಕೋಟೆ. ಅದೇ 1986ರ ನವೆಂಬರ್‌ನಲ್ಲಿ ಐವನ್ ಬೋಸ್ಕಿ ಎಂಬ ನ್ಯೂಯಾರ್ಕಿನ ಷೇರುವ್ಯಾಪಾರಿಯು ಸಂಸ್ಥೆಗಳ ಗುಟ್ಟನ್ನು ಮುಂಚಿತವಾಗಿ ತಿಳಿದು ವ್ಯಾಪಾರಮಾಡಿದ ಆರೋಪಕ್ಕಾಗಿ 10 ಕೋಟಿ ಡಾಲರುಗಳನ್ನು ತೆರಲು ಒಪ್ಪಿಕೊಂಡನು. 1987ರ ಅಕ್ಟೋಬರ್ 19ರಂದು ಆ ಪೇಟೆಯ ಸೂಚ್ಯಂಕವು ಒಂದೇ ದಿನದಲ್ಲಿ ನೂರಕ್ಕೆ 22ಕ್ಕಿಂತ ಹೆಚ್ಚು ಕುಸಿಯಿತು. ಜನರ ಭಯವು ಎಲ್ಲಿಗೆ ಬಂದು ನಿಂತಿತ್ತೆಂಬುದನ್ನು ಕಥೆಗಾರರು ಸರಿಯಾಗಿಯೇ ಊಹಿಸಿದ್ದರು.

ಹಳೆಯ ಗಣಿಯೊಡೆಯನು ಹೀಗೆ 48 ವರ್ಷಗಳ ಮೇಲೆ ಹಿಂದಿರುಗಿದನು. ಆದರೆ 1938ರ ನಾಯಕನು ಅವನನ್ನು ಗಣಿಯೊಳಗೆ ನೂಕಬಲ್ಲವನಾಗಿದ್ದನು. 1986ರ ನಾಯಕನು ಕಾನೂನಿಗೆ ಬದ್ಧನು, ಕಾನೂನು ಲೂಥರನ ಲೆಕ್ಕಪುಸ್ತಕದಲ್ಲಿ ಬದ್ಧ.

ಅವನ ಸ್ವಭಾವ

ಹೊಸ ಲೂಥರನ ಸ್ವಭಾವವನ್ನು ಮೂರು ಪ್ರಸಂಗಗಳು ಪೂರ್ಣವಾಗಿ ಬಯಲುಮಾಡುವವು.

ಮೊದಲನೆಯದು 1986ರದು. ಲೂಥರನ ವಿಲಾಸನೌಕೆಯಲ್ಲಿ ಔತಣ ನಡೆದಿರುವಾಗ ಆಯುಧಪಾಣಿಗಳಾದ ದುಷ್ಕರ್ಮಿಗಳು ಮುತ್ತುವರು. ಈ ದಾಳಿಯ ಸುಳಿವು ಲೂಥರನಿಗೆ ಮೊದಲೇ ಇದ್ದಿತು. ಸೂಪರ್‌ಮ್ಯಾನನು ಹೇಗೆ ಕೆಲಸಮಾಡುವನೆಂದು ನೋಡುವ ಸಲುವಾಗಿ ಅತಿಥಿಗಳ ಪ್ರಾಣವನ್ನು ಪಣಕ್ಕಿಟ್ಟು ಸುಮ್ಮನಿದ್ದನು. ಎಲ್ಲ ಮುಗಿದ ಮೇಲೆ ಚೆಕ್ಕನ್ನು ಮುಂದೆ ಚಾಚಿ, ತನ್ನ ಸಂಬಳಕ್ಕೆ ಬರುವಂತೆ ಸೂಪರ್‌ಮ್ಯಾನನನ್ನು ಕರೆದನು. ಸೂಪರ್‌ಮ್ಯಾನನು ಅದನ್ನು ಒಲ್ಲೆನೆಂದನು. ಅಲ್ಲಿಯೇ ಅತಿಥಿಯಾಗಿದ್ದ ಮೇಯರನು ರೋಷಗೊಂಡು, ಸೂಪರ್‌ಮ್ಯಾನನಿಗೆ ಪೋಲೀಸಿನ ಅಧಿಕಾರವನ್ನು ಕೊಟ್ಟು, ಜನರ ಪ್ರಾಣಕ್ಕೆ ಅಪಾಯ ತಂದ ಅಪರಾಧಕ್ಕಾಗಿ ಲೂಥರನನ್ನು ದಸ್ತಗಿರಿಮಾಡಿಸಿದನು. ಲೂಥರನು ಬೇಗನೆ ಬಿಡುಗಡೆ ಹೊಂದಿದನೇನೋ ಸರಿ. ಆದರೆ ನಾಲ್ಕು ಜನರೆದುರಿಗೆ ಆದ ಆ ಅವಮಾನವನ್ನು ಎಂದಿಗೂ ಮರೆಯಲಿಲ್ಲ.

ಎರಡನೆಯದು 1987ರ ಸೆಪ್ಟೆಂಬರ್ ಸಂಚಿಕೆಯ ಸಣ್ಣ ಕಥೆ. ಮೆಟ್ರೊಪೊಲಿಸಿನಿಂದ 900 ಮೈಲಿ ದೂರದಲ್ಲಿ, ಹೆದ್ದಾರಿಯ ಬದಿಯ ಒಂದು ಹೋಟೆಲಿನಲ್ಲಿ, ಬಡಿಸುವ ಕೆಲಸದ ಒಬ್ಬ ಬಡ ವಿವಾಹಿತೆ. ಗಂಡನನ್ನು ಬಿಟ್ಟು ಒಂದು ತಿಂಗಳು ತನ್ನೊಡನೆ ಬಂದರೆ ಹತ್ತು ಲಕ್ಷ ಡಾಲರು ಕೊಡುವೆನೆಂದು ಲೂಥರನು ಅವಳಿಗೆ ಹೇಳಿ, ಹತ್ತು ನಿಮಿಷದ ಅವಕಾಶ ಕೊಟ್ಟು ಮೋಟಾರಿನಲ್ಲಿ ಹೋಗಿ ಕುಳಿತನು. ಅವಳು ಒಳಗೆ ತಳಮಳಿಸುತ್ತಿರುವಾಗಲೇ ಮೋಟಾರನ್ನು ಬಿಡಿಸಿಕೊಂಡು ಹೊರಟುಹೋದನು. ಅವನಿಗೆ ಅವಳು ಬೇಕಾಗಿರಲಿಲ್ಲ. ತಾನು ಹೋಗುತ್ತಿದ್ದೆನೋ ಇಲ್ಲವೋ ಎಂಬ ಸಂದೇಹವು ಜೀವಮಾನವೆಲ್ಲ ಅವಳನ್ನು ಕೊರೆಯುತ್ತಿರಬೇಕೆಂಬುದೇ ಅವನ ವಿನೋದ. ರಾವಣನಿಗಾದರೂ ಕಾಮವಿದ್ದಿತು, ಇವನಲ್ಲಿ ಅದೂ ಇಲ್ಲ. ಪ್ರತಿ ಮನುಷ್ಯನಿಗೂ ಒಂದು ಬೆಲೆಯುಂಟೆಂಬ ತನ್ನ ಸಿದ್ಧಾಂತವನ್ನು ಪರೀಕ್ಷಿಸುವ ಕ್ರೂರ ಕುತೂಹಲ ಮಾತ್ರ.

ಮೂರನೆಯದು ಅದೇ ವರ್ಷದ ಫೆಬ್ರವರಿಯದು. ಅವನ ಪತನಕ್ಕೆಲ್ಲ ಬೀಜವಿರುವುದು ಇದರಲ್ಲಿ. ಸೂಪರ್‌ಮ್ಯಾನನಿಗೂ ವರದಿಗಾರ ಕ್ಲಾರ್ಕ್ ಕೆಂಟನಿಗೂ ಇರುವ ಸಂಬಂಧವನ್ನು ಕಂಡುಹಿಡಿಯಲು ಲೂಥರನು ಅಪಾರ ಹಣವನ್ನು ಸುರಿದು, ದೊರೆತ ವೃತ್ತಾಂತವನ್ನೆಲ್ಲ ಗಣಕಯಂತ್ರಕ್ಕೆ ಕೊಡಿಸಿದನು. ಯಂತ್ರವು ಸತ್ಯವನ್ನೇ ನುಡಿಯಿತು: ಕ್ಲಾರ್ಕ್ ಕೆಂಟನೇ ಸೂಪರ್‌ಮ್ಯಾನ್. ಲೂಥರನು ನಂಬಲಿಲ್ಲ. ಅಂತಹ ಶಕ್ತಿಯುಳ್ಳವನು ಸಾಮಾನ್ಯ ಮನುಷ್ಯನಂತೆ ತಲೆತಗ್ಗಿಸಿ ಸಂಬಳಕ್ಕೆ ದುಡಿಯುವನೇ? ಸಾಧ್ಯವಿಲ್ಲವೆಂದು, ಆ ಫಲಿತಾಂಶವನ್ನು ತಂದ ವಿದುಷಿಯನ್ನು ಕೆಲಸದಿಂದ ತೆಗೆದುಹಾಕಿದನು. ಗೆಲವು ಅವನ ಕೈಗೆ ಬಂದಿದ್ದಿತು. ಶಕ್ತಿಯಿದ್ದೂ ಅದನ್ನು ಸ್ವಾರ್ಥಕ್ಕೆ ಬಳಸದವನೊಬ್ಬನು ಇರಬಲ್ಲನೆಂಬುದನ್ನು ಅವನ ಬುದ್ಧಿಯು ಗ್ರಹಿಸಲಾರದೆ ಹೋಯಿತು. ಲೋಭವು ಕಣ್ಣಿಗೆ ಪೊರೆ ಕಟ್ಟಿಸುವುದೆಂಬುದು ಇದಕ್ಕೇ.

ಉಂಗುರ

ಸೂಪರ್‌ಮ್ಯಾನನನ್ನು ದೂರವಿಡುವ ಸಲುವಾಗಿ ಲೂಥರನು ಹಸಿರು ಕ್ರಿಪ್ಟೊನೈಟಿನ ಉಂಗುರವೊಂದನ್ನು ಸದಾ ಬೆರಳಿನಲ್ಲಿ ಧರಿಸಿರುತ್ತಿದ್ದನು. ಆ ಶಿಲೆಯು ಮನುಷ್ಯರಿಗೆ ನಿರಪಾಯವೆಂದು ಅವನ ನಂಬಿಕೆ. ಕೆಲವು ವರ್ಷಗಳಲ್ಲಿ ಅದರ ಕಿರಣಗಳಿಂದ ಅವನಿಗೆ ಅರ್ಬುದ ರೋಗವು ಹತ್ತಿತು, ಕೈಯನ್ನೇ ಕತ್ತರಿಸಬೇಕಾಯಿತು, ಆದರೂ ರೋಗವು ನಿಲ್ಲಲಿಲ್ಲ. ಭಸ್ಮಾಸುರನು ವರವಾಗಿ ಪಡೆದ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡ ಕಥೆಯನ್ನು ಬಲ್ಲ ಕನ್ನಡ ವಾಚಕರಿಗೆ ಈ ನ್ಯಾಯವು ಹೊಸದಾಗಿ ತೋರದು.

1990ರಲ್ಲಿ ಲೂಥರನು ವಿಮಾನಾಪಘಾತದಲ್ಲಿ ಸತ್ತನೆಂಬ ಸುದ್ದಿಯನ್ನು ಹಬ್ಬಿಸಿ, ತನ್ನ ದೇಹದ ಕಣದಿಂದಲೇ ಬೆಳೆಯಿಸಿದ ತರುಣ ದೇಹವೊಂದಕ್ಕೆ ತನ್ನ ಮೆದುಳನ್ನು ಸಾಗಿಸಿಕೊಂಡನು. ಮರುವರ್ಷ, ಆಸ್ಟ್ರೇಲಿಯಾದಲ್ಲಿ ಬೆಳೆದ ತನ್ನ ಅಜ್ಞಾತ ಪುತ್ರನೆಂದು ಹೇಳಿಕೊಂಡು ಕೆಂಪು ಕೂದಲು ಗಡ್ಡಗಳೊಡನೆ ಬಂದು, ತನ್ನ ಆಸ್ತಿಗೆ ತಾನೇ ವಾರಸುದಾರನಾದನು. ಯಯಾತಿಯು ಮಗನ ಯೌವನವನ್ನು ಬೇಡಿ ಪಡೆದನು. ಲೂಥರನಿಗೆ ಬೇಡುವುದು ತಿಳಿಯದು. 1994ರಲ್ಲಿ ಆ ದೇಹವೂ ಕೊಳೆಯತೊಡಗಿತು. ಲೋಯಿಸ್ ಲೇನ್ ಎಂಬ ಪತ್ರಿಕಾಕರ್ತೆಯು ಅವನ ವಂಚನೆಯನ್ನು ಪತ್ರಿಕೆಯಲ್ಲಿ ಬಯಲಿಗೆಳೆದಳು. ತನ್ನದಾಗದ ನಗರವು ಯಾರದೂ ಆಗಬಾರದೆಂಬಂತೆ ಅವನ ಕ್ಷಿಪಣಿಗಳು ಮೆಟ್ರೊಪೊಲಿಸನ್ನು ಹಾಳುಮಾಡಿದವು. ಅನಂತರ ಒಬ್ಬ ಪಿಶಾಚನಿಗೆ ಆತ್ಮವನ್ನು ಮಾರಿ ಆರೋಗ್ಯವನ್ನು ಪಡೆದು, ಅಪರಾಧಗಳನ್ನೆಲ್ಲ ಮಾಡಿದವನು ತನ್ನ ಕೃತಕ ಪ್ರತಿರೂಪವೇ ಹೊರತು ತಾನಲ್ಲವೆಂದು ವಾದಿಸಿ, ಲೂಥರನು ನಿರ್ದೋಷಿಯೆನಿಸಿಕೊಂಡನು.

ಪೀಠ ಮತ್ತು ಪತನ

ಆ ಮೇಲೆ ಅವನ ಆಸೆ ಇನ್ನೂ ಮೇಲಕ್ಕೇರಿತು. ಡೇಲಿ ಪ್ಲಾನೆಟ್ ಎಂಬ ಪತ್ರಿಕೆಯನ್ನು ಕೊಂಡು ಮುಚ್ಚಿಸಿದನು. ಅದನ್ನು ಮತ್ತೆ ತೆರೆಯಬೇಕಾದರೆ, ಮುಂದೆ ತಾನು ಹೇಳಿದ ಯಾವುದಾದರೂ ಒಂದು ಸುದ್ದಿಯನ್ನು ಅಡಗಿಸಬೇಕೆಂದು ಲೋಯಿಸಳಿಂದ ಗುಟ್ಟಾಗಿ ಮಾತು ತೆಗೆದುಕೊಂಡನು. 1999ರ ಕಥೆಯಲ್ಲಿ, ಭೂಕಂಪದಿಂದ ಪಾಳುಬಿದ್ದ ಗಾಥಮ್ ನಗರವನ್ನು ಉದ್ಧರಿಸುವ ನೆಪದಿಂದ ಪ್ರವೇಶಿಸಿ, ಅಲ್ಲಿಯ ಭೂದಾಖಲೆಗಳನ್ನು ನಾಶಮಾಡಿಸಿ ನೆಲವನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಳ್ಳಲು ಹವಣಿಸಿದನು. ಆ ಸಂಚು ಫಲಿಸಲಿಲ್ಲ. ಉದ್ಧಾರಕನೆಂಬ ಹೆಸರು ಮಾತ್ರ ಉಳಿಯಿತು. ಆ ಹೆಸರಿನ ಬಲದಿಂದ 2000ದಲ್ಲಿ ದೇಶಾಧ್ಯಕ್ಷನಾಗಿ ಚುನಾಯಿತನಾಗಿ, 2001ರ ಜನವರಿಯಲ್ಲಿ ಪೀಠವನ್ನೇರಿದನು. ಸೂಪರ್‌ಮ್ಯಾನನು ನಿಂತು ನೋಡಬೇಕಾಯಿತು. ಜನರೇ ಆರಿಸಿದವನನ್ನು ಮುಷ್ಟಿಯಿಂದ ಕೆಡವಲು ಅವನಿಗೆ ಅಧಿಕಾರವೆಲ್ಲಿಯದು?

ಲೂಥರನನ್ನು ಕೆಡವಿದವನು ಲೂಥರನೇ. 2003ರ ಅಕ್ಟೋಬರ್‌ನಿಂದ 2004ರ ಮಾರ್ಚಿಯವರೆಗೆ ಸಾಗಿದ ಕಥೆಯಲ್ಲಿ, ಕ್ರಿಪ್ಟೊನೈಟಿನ ದೊಡ್ಡ ಬಂಡೆಯೊಂದು ಆಕಾಶದಿಂದ ಭೂಮಿಯ ಕಡೆಗೆ ಧಾವಿಸುತ್ತಿರುವುದು. ಅಧ್ಯಕ್ಷನು ಜನರನ್ನು ಉಳಿಸುವ ಮಾತಿಗಿಂತ ಹಳೆಯ ಹಗೆಯನ್ನೇ ದೊಡ್ಡದು ಮಾಡಿ, ಈ ವಿಪತ್ತಿಗೆ ಸೂಪರ್‌ಮ್ಯಾನನೇ ಕಾರಣನೆಂದು ಸಾರಿ, ಅವನ ತಲೆಗೆ 100 ಕೋಟಿ ಡಾಲರು ಬೆಲೆ ಕಟ್ಟಿದನು. ಹಗೆಯ ಉನ್ಮಾದದಲ್ಲಿ ಕ್ರಿಪ್ಟೊನೈಟ್ ಬೆರೆತ ಮದ್ದನ್ನು ಮೈಗೆ ಚುಚ್ಚಿಕೊಂಡು, ಕವಚ ತೊಟ್ಟು ತಾನೇ ಕಾದಲು ಹೊರಟನು. ಕಾದುತ್ತ ಕಾದುತ್ತ, ಲೋಕಕಂಟಕನೊಬ್ಬನೊಡನೆ ತಾನು ಮಾಡಿಕೊಂಡಿದ್ದ ಒಪ್ಪಂದವನ್ನು ಹೆಮ್ಮೆಯಿಂದ ಕೂಗಿ ಹೇಳಿಬಿಟ್ಟನು. ಆ ಮಾತುಗಳು ದಾಖಲೆಯಾದವು. ಅಧ್ಯಕ್ಷಪದವಿಯು ಹೋಯಿತು. ತಾನು ಸಂಸ್ಥೆಯ ಆಡಳಿತಕ್ಕೆ ನೇಮಿಸಿದ್ದ ಟಾಲಿಯಾ ಎಂಬುವಳು ಸಂಸ್ಥೆಯ ಆಸ್ತಿಯನ್ನೆಲ್ಲ ಮಾರಿಹಾಕಿದಳು. ಎಲ್ಲರಿಗೂ ಬೆಲೆ ಕಟ್ಟಿದವನು ಕೊನೆಗೆ ತಾನೂ ಮಾರಾಟವಾದನು.

ಪಶ್ಚಾತ್ತಾಪದ ಒಂದು ಕ್ಷಣವು ಅವನಿಗೆ ಬೇರೊಂದು ಕಥೆಯಲ್ಲಿ ದೊರೆಯಿತು. ಗ್ರಾಂಟ್ ಮಾರಿಸನ್ ಬರೆದು ಫ್ರ್ಯಾಂಕ್ ಕ್ವೈಟ್ಲಿ ಚಿತ್ರಿಸಿದ ಆಲ್ ಸ್ಟಾರ್ ಸೂಪರ್‌ಮ್ಯಾನ್ ಎಂಬ ಕೃತಿಯಲ್ಲಿ, 2008ರಲ್ಲಿ ಹೊರಬಂದ ಕೊನೆಯ ಸಂಚಿಕೆಯಲ್ಲಿ, ಲೂಥರನು ಒಂದು ದಿನದ ಮಟ್ಟಿಗೆ ಸೂಪರ್‌ಮ್ಯಾನನ ಶಕ್ತಿಗಳನ್ನೇ ಪಡೆದುಕೊಳ್ಳುವನು. ಆ ಕಣ್ಣುಗಳಿಂದ ನೋಡಿದಾಗ ಚರಾಚರಗಳೆಲ್ಲವೂ ಒಂದೇ ಎಳೆಯಲ್ಲಿ ಹೊಂದಿಕೊಂಡಿರುವುದು ಅವನಿಗೆ ಕಾಣುವುದು, ಅವನು ಅಳುವನು. ಸೂಪರ್‌ಮ್ಯಾನನಿಲ್ಲದಿದ್ದರೆ ತಾನು ಲೋಕವನ್ನು ಉದ್ಧರಿಸುತ್ತಿದ್ದೆನೆಂದು ಹೇಳುತ್ತ ಬಂದವನಿಗೆ, ಮನಸ್ಸಿದ್ದಿದ್ದರೆ ಎಂದೋ ಉದ್ಧರಿಸಬಹುದಾಗಿತ್ತೆಂಬ ಉತ್ತರವೂ ಅಲ್ಲಿಯೇ ದೊರೆಯುವುದು. ನಾಗಚಂದ್ರನ ರಾವಣನು ಸೀತೆಯ ಸ್ಥಿತಿಯನ್ನು ಕಂಡು ಮನಸ್ಸು ತಿರುಗಿಯೂ, ಸೋತು ಒಪ್ಪಿಸಲಾರದ ಅಭಿಮಾನದಿಂದ ನಾಶವಾಗುವನು. ಇವನಿಗೂ ಅರಿವು ಬರುವುದು, ಆದರೆ ಹೊತ್ತು ಮೀರಿದ ಮೇಲೆ.

ಇನ್ನೊಂದು ಲೆಕ್ಕ

ಕಥೆಯ ವರ್ತಕನ ಪತನವು ಹೀಗಾಯಿತು. ಕಥೆಗಾರರ ವಿಷಯವೇನಾಯಿತು? ಸೀಗಲನು ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದಾಗ ಸಂಸ್ಥೆಯು ಅವನ ಸಮ್ಮತಿಯಿಲ್ಲದೆ ಬಾಲಕ ಸೂಪರ್‌ಮ್ಯಾನನ ಕಥೆಗಳನ್ನು ಪ್ರಾರಂಭಿಸಿತು. 1947ರಲ್ಲಿ ಗೆಳೆಯರಿಬ್ಬರೂ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಸೂಪರ್‌ಮ್ಯಾನನ ಹಕ್ಕು ಸಂಸ್ಥೆಯದೆಂದೇ ತೀರ್ಮಾನವಾಯಿತು. 1948ರಲ್ಲಿ ಸುಮಾರು 94,000 ಡಾಲರಿಗೆ ರಾಜಿಯಾಗಿ, ಅವರು ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟರು, ಕೆಲಸವೂ ಹೋಯಿತು, ಪುಸ್ತಕದ ಮೇಲಿದ್ದ ಅವರ ಹೆಸರುಗಳೂ ಹೋದವು. ಶುಸ್ಟರನ ಕಣ್ಣುಗಳು ಮಂದವಾಗುತ್ತ ಬಂದವು. ಚಿತ್ರಕಾರನು ಚಿತ್ರ ಬರೆಯಲಾರದವನಾದನು. ಸೀಗಲನು ಗುಮಾಸ್ತೆಯ ಕೆಲಸದಿಂದ ಜೀವಿಸಿದನು.

1975ರಲ್ಲಿ ದೊಡ್ಡ ಚಲನಚಿತ್ರದ ಸಿದ್ಧತೆಯ ವಾರ್ತೆ ಕೇಳಿ ಸೀಗಲನು ತನ್ನ ದುಃಖವನ್ನು ಪತ್ರಿಕೆಗಳಿಗೆ ಬರೆದನು. ನೀಲ್ ಆಡಮ್ಸ್, ಜೆರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಅವನ ಪರವಾಗಿ ನಿಂತರು. ಜನರ ಮುಂದೆ ನಾಚಿ, ಸಂಸ್ಥೆಯ ಅಂದಿನ ಒಡೆಯರು ಆ ವರ್ಷದ ಡಿಸೆಂಬರ್‌ನಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರು ವೇತನವನ್ನೂ, ಪುಸ್ತಕದ ಮೇಲೆ ಸೃಷ್ಟಿಕರ್ತರೆಂಬ ಹೆಸರನ್ನೂ ಕೊಡಲು ಒಪ್ಪಿದರು. ಹಕ್ಕು ಮಾತ್ರ ಹಿಂದಿರುಗಲಿಲ್ಲ. ಶುಸ್ಟರನು 1992ರಲ್ಲಿಯೂ ಸೀಗಲನು 1996ರಲ್ಲಿಯೂ ಕಾಲವಾದರು.

ವಿಲಾಸನೌಕೆಯ ಮೇಲೆ ಲೂಥರನು ಚಾಚಿದ ಚೆಕ್ಕನ್ನು ಸೂಪರ್‌ಮ್ಯಾನನು ತಿರಸ್ಕರಿಸಬಲ್ಲವನಾಗಿದ್ದನು. ಅವನಿಗೆ ಹಸಿವೆಯ ಭಯವಿರಲಿಲ್ಲ. ಕ್ಲೀವ್‌ಲ್ಯಾಂಡಿನ ಯುವಕರಿಗೆ ಆ ಭಾಗ್ಯವಿರಲಿಲ್ಲ. ಇಲ್ಲಿ ನೌಕೆಯನ್ನು ಮುತ್ತಿದ ದುಷ್ಕರ್ಮಿಗಳಿಲ್ಲ, ಉಂಗುರವಿಲ್ಲ, ಪಿಶಾಚನಿಲ್ಲ. ಒಂದು ಕಾಗದ, ಒಂದು ರುಜು, 130 ಡಾಲರು, ಅಷ್ಟೇ. ಯಾರೂ ಕಾನೂನನ್ನು ಮುರಿಯಲಿಲ್ಲ. ಆದುದರಿಂದ ಯಾರೂ ದಸ್ತಗಿರಿಯಾಗಲಿಲ್ಲ, ಯಾರೂ ಪೀಠದಿಂದ ಉರುಳಲಿಲ್ಲ. ಕಥೆಯ ಲೋಭಿಗೆ ಅವನ ಲೋಭವೇ ಶಿಕ್ಷೆಯಾಗುವುದನ್ನು ಓದಿ ಬಾಲಕರು ಸಂತೋಷಪಟ್ಟರು. ಆ ಸಂತೋಷದ ಬೆಲೆಯು ಸಂಸ್ಥೆಯ ಪೆಟ್ಟಿಗೆಗೆ ಸೇರಿತು.

2012ರ ಏಪ್ರಿಲ್‌ನಲ್ಲಿ ಆ 412 ಡಾಲರಿನ ಹಳೆಯ ಚೆಕ್ಕು ಹರಾಜಿಗೆ ಬಂದು 1,60,000 ಡಾಲರಿಗೆ ಮಾರಾಟವಾಯಿತು. ಅದರ ಬೆನ್ನಿನ ಮೇಲೆ ಸೀಗಲ್ ಮತ್ತು ಶುಸ್ಟರರ ರುಜುಗಳು ಇಂದಿಗೂ ಸ್ಪಷ್ಟವಾಗಿ ಕಾಣುವವು.